ಕೆಲಸದ ಜಾಗದ ಸುರಕ್ಷತಾ ತರಬೇತಿ: ಕೆಲಸಗಾರರು, ಸೂಪರ್‌ವೈಸರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ತರಬೇತಿ ನಡೆಯುವಾಗ ಹೆಚ್ಚಿನವರು ಸುಮ್ನೆ ಕೂತಿರುತ್ತಾರೆ. ಮ್ಯಾನೇಜರ್ ಹಿಂದೆಯೇ ನಿಂತಿದ್ದರೆ ಬಾಯಿ ಬಿಡುವುದು ಯಾರಿಗೂ ಕಷ್ಟ. ಮುಗಿದ ಮೇಲೆ, ಟೀ ಹೊತ್ತಿನಲ್ಲಿ, ಒಬ್ಬೊಬ್ಬರೇ ಹತ್ತಿರ ಬಂದು ನಿಜವಾಗಿ ಕೇಳಬೇಕಾದ್ದನ್ನು ಕೇಳುತ್ತಾರೆ. ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಮೈಸೂರು ರಸ್ತೆ ಕಡೆಯ ಕೆಲಸಗಾರರ ಮತ್ತು ಸೂಪರ್‌ವೈಸರ್‌ಗಳ ಅಂಥ ಪ್ರಶ್ನೆಗಳು ಇಲ್ಲಿವೆ.

ಈ ತರಬೇತಿ ಕಡ್ಡಾಯವಾ, ಇಲ್ಲ ಕಂಪನಿಯ ಇಷ್ಟವಾ?

ಕಡ್ಡಾಯ. ಭೋಪಾಲ್ ಅನಿಲ ದುರಂತ ನಡೆದದ್ದು 1984ರ ಡಿಸೆಂಬರ್‌ನಲ್ಲಿ. ಅದಾದ ಮೇಲೆ, 1987ರಲ್ಲಿ, 1948ರ ಕಾರ್ಖಾನೆಗಳ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು. ಆಗ ಸೇರಿದ 7ಎ ಕಲಂ, ಕೆಲಸಗಾರರಿಗೆ ಬೇಕಾದ ಮಾಹಿತಿ, ಸೂಚನೆ, ತರಬೇತಿ, ಮೇಲ್ವಿಚಾರಣೆ ಒದಗಿಸುವುದನ್ನು ಕಾರ್ಖಾನೆ ನಡೆಸುವವರ ಹೊಣೆ ಮಾಡಿತು. 111ಎ ಕಲಂ ಅದನ್ನೇ ಕೆಲಸಗಾರನ ಹಕ್ಕು ಎಂದಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಕಾನೂನಿನ ಹೆಸರು ಬದಲಾಯಿತು, ಮಾಲೀಕರ ಹೊಣೆ ಹಾಗೇ ಇದೆ.

ಇನ್ನೊಂದು ಮಾತು ನೆನಪಿಡಿ. ಸುರಕ್ಷತೆಗೆ, ಆರೋಗ್ಯ ತಪಾಸಣೆಗೆ ಆದ ಖರ್ಚನ್ನು ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ. ಹೆಲ್ಮೆಟ್, ಶೂ ದುಡ್ಡನ್ನು ಸಂಬಳದಲ್ಲಿ ಹಿಡಿದರೆ ಅದು ತಪ್ಪು.

ನಾನು ಕಾಂಟ್ರಾಕ್ಟ್ ಲೇಬರ್. ನನಗೂ ಇದು ಸಿಗಬೇಕಾ?

ಖಂಡಿತ. ಯಂತ್ರಕ್ಕೆ ಪರ್ಮನೆಂಟ್ ಯಾರು, ಕಾಂಟ್ರಾಕ್ಟ್ ಯಾರು ಅಂತ ಗೊತ್ತಾಗುವುದಿಲ್ಲ. ನಿಜ ಹೇಳಬೇಕೆಂದರೆ ನಿಮಗೇ ಜಾಸ್ತಿ ಬೇಕು. ಕಾಂಟ್ರಾಕ್ಟರ್ ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ ಕಳಿಸುತ್ತಾನೆ. ಪ್ರತಿ ಸಲವೂ ಜಾಗ ಹೊಸದು, ಅಪಾಯ ಹೊಸದು. ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು, ಕ್ಯಾಂಟೀನ್‌ನವರು, ಲೋಡಿಂಗ್ ಹುಡುಗರು ಎಲ್ಲರೂ ಈ ಲೆಕ್ಕದಲ್ಲಿ ಬರುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ದಿನ ನನಗೆ ಏನೇನು ತಿಳಿಸಬೇಕು?

ಎಷ್ಟೋ ಕಡೆ ಮೊದಲ ದಿನ ಆಗುವುದು ಇಷ್ಟೇ: ಆಧಾರ್ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್, ಒಂದು ವಿಡಿಯೋ, ರಿಜಿಸ್ಟರ್‌ನಲ್ಲಿ ಸಹಿ. ಹತ್ತು ಗಂಟೆಗೆ ಲೈನ್‌ಗೆ ಬಿಡುತ್ತಾರೆ. ಆ ಸಹಿ ಮುಂದೆ ಅಪಘಾತ ಆದಾಗ "ಇವರಿಗೆ ತರಬೇತಿ ಕೊಟ್ಟಿದ್ದೆವು" ಎಂದು ತೋರಿಸಲು ಕಂಪನಿಗೆ ಉಪಯೋಗಕ್ಕೆ ಬರುತ್ತದೆ. ನಿಮ್ಮ ಕೈ ಉಳಿಸಲು ಬರುವುದಿಲ್ಲ. ತಿಳಿಯದೇ ಇದ್ದರೆ ಸಹಿ ಹಾಕುವ ಮುಂಚೆ "ಸಾರ್, ಇನ್ನೊಂದ್ಸಲ ತೋರಿಸಿ" ಅಂತ ಕೇಳಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ನನ್ನ ಮಟ್ಟಿಗೆ ಮೊದಲ ದಿನ ಕಾಲಲ್ಲಿ ನಡೆದು ಕಲಿಯಬೇಕು. ನೀವು ನಿಲ್ಲುವ ಜಾಗದಿಂದ ಹತ್ತಿರದ ಬಾಗಿಲು ಎಲ್ಲಿದೆ, ಕರೆಂಟ್ ಹೋದರೂ ಅಲ್ಲಿಗೆ ಹೋಗಬಲ್ಲಿರಾ? ನಿಮ್ಮ ಮೆಷಿನ್‌ನ ಕೆಂಪು ಸ್ಟಾಪ್ ಬಟನ್ ಯಾವುದು? ಅದನ್ನು ಒತ್ತಿ ನೋಡಿದ್ದೀರಾ? ಒತ್ತಿದ ಮೇಲೆ ಯಂತ್ರ ಪೂರ್ತಿ ನಿಲ್ಲಲು ಎಷ್ಟು ಹೊತ್ತು ಹಿಡಿಯುತ್ತದೆ? ಪ್ರಥಮ ಚಿಕಿತ್ಸೆಯ ಡಬ್ಬಿ ಎಲ್ಲಿದೆ, ಅದರ ಬೀಗದ ಕೈ ಯಾರ ಹತ್ತಿರ? ಬೀಗವೇ ಇರಬಾರದು, ಆದರೂ ಕೇಳಿ. ರಾತ್ರಿ ಪಾಳಿಯಲ್ಲಿ ಪೆಟ್ಟಾದರೆ ಯಾರಿಗೆ ಹೇಳಬೇಕು, ಯಾವ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾರೆ? ಇವಿಷ್ಟು ಗೊತ್ತಾಗದೆ ಯಾರೂ ಸ್ವಿಚ್ ಮುಟ್ಟಬಾರದು.

ನಮ್ಮಲ್ಲಿ ಅರ್ಧ ಜನಕ್ಕೆ ಕನ್ನಡ ಬರುವುದಿಲ್ಲ. ಏನು ಮಾಡುವುದು?

ಬೆಂಗಳೂರಿನ ಯಾವ ಶಾಪ್‌ಗೆ ಹೋದರೂ ಇದೇ ಕಥೆ. ಒಂದೇ ಲೈನಿನಲ್ಲಿ ರಾಯಚೂರಿನವರು, ಒಡಿಶಾದವರು, ಬಿಹಾರದವರು, ಅಸ್ಸಾಮಿನವರು, ಕೃಷ್ಣಗಿರಿಯವರು ಇರುತ್ತಾರೆ. ಇಂಗ್ಲಿಷ್ ಪೋಸ್ಟರ್ ಅಂಟಿಸಿದರೆ ಅದನ್ನು ಓದುವವರು ಆಡಿಟ್‌ಗೆ ಬಂದವರು ಮಾತ್ರ. ಅವರವರ ಭಾಷೆ ಬಲ್ಲ ಒಬ್ಬ ಹಳೇ ಕೆಲಸಗಾರನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿ. ಹೇಳಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳಬೇಡಿ, ಎಲ್ಲರೂ ತಲೆ ಆಡಿಸುತ್ತಾರೆ. "ಈಗ ನೀನು ಮಾಡಿ ತೋರಿಸು" ಅನ್ನಿ. ಕನ್ನಡದವರಿಗೂ ಇದೇ ಸರಿಯಾದ ಕ್ರಮ.

ಪ್ರೆಸ್‌ನಲ್ಲಿ ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಇದ್ದರೆ ಪ್ರೊಡಕ್ಷನ್ ಬರುವುದಿಲ್ಲ. ತೆಗೆದು ಕೆಲಸ ಮಾಡಿದರೆ ಏನಾಗುತ್ತದೆ?

ಬೆರಳು ಹೋಗುತ್ತದೆ. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಕಾಣುವುದಿಲ್ಲ. ಪವರ್ ಪ್ರೆಸ್‌ಗೆ ಎರಡು ಬಟನ್ ಇಟ್ಟಿರುವುದೇ ಎರಡೂ ಕೈ ಡೈನಿಂದ (ಅಚ್ಚಿನಿಂದ) ಹೊರಗಿರಲಿ ಎಂದು. ಒಂದು ಬಟನ್‌ಗೆ ಮರದ ಚೂರು ಸಿಕ್ಕಿಸಿ, ಟೇಪ್ ಸುತ್ತಿ, ಒಂದೇ ಕೈಯಲ್ಲಿ ಒತ್ತುತ್ತಾ ಇನ್ನೊಂದು ಕೈಯಲ್ಲಿ ಪೀಸ್ ಇಡುತ್ತಾರೆ. ಸಾವಿರ ಸಲ ಏನೂ ಆಗುವುದಿಲ್ಲ. ಅದೇ ಧೈರ್ಯ ಕೊಡುತ್ತದೆ. ಓಟಿ ಹೊತ್ತಿನಲ್ಲಿ, ಕಣ್ಣು ಎಳೆಯುವಾಗ, ಕೈಯ ಲಯ ಒಂದು ಕ್ಷಣ ತಪ್ಪಿದರೆ ಸಾಕು.

ಹಾಗಂತ ತಪ್ಪನ್ನೆಲ್ಲ ಆಪರೇಟರ್ ಮೇಲೆ ಹೊರಿಸಬಾರದು. ಯಾರೂ ಬೇಕು ಅಂತ ಬಟನ್‌ಗೆ ಮರದ ಚೂರು ಸಿಕ್ಕಿಸುವುದಿಲ್ಲ. ಗಂಟೆಗೆ ಇಷ್ಟು ಪೀಸ್ ಎಂದು ಗಾರ್ಡ್ ಇದ್ದರೆ ಮುಟ್ಟಲಾಗದ ಟಾರ್ಗೆಟ್ ಇಟ್ಟಿದ್ದರೆ, ಗಾರ್ಡ್ ತೆಗೆಸಿದ್ದು ಆ ಟಾರ್ಗೆಟ್. ಗಾರ್ಡ್ ನಿಜವಾಗಿಯೂ ಅಡ್ಡ ಬರುತ್ತಿದ್ದರೆ ಬೇರೆ ಥರದ್ದು ಮಾಡಿಸಿ, ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಲೈಟ್ ಕರ್ಟನ್ ಹಾಕಿಸಿ, ಪೀಸ್ ಇಡಲು ಇಕ್ಕಳ ಕೊಡಿ. ಬೆಲ್ಟ್, ಪುಲ್ಲಿ, ಗೇರ್‌ಗಳಿಗೆ ಕವರ್ ಇರಲೇಬೇಕೆಂಬುದು ಕಾರ್ಖಾನೆಗಳ ಕಾಯ್ದೆ ಬಂದಾಗಿನಿಂದ ಇರುವ ನಿಯಮ.

ರಿಪೇರಿ ಮಾಡುವಾಗ ಮೇನ್ ಆಫ್ ಮಾಡಿದರೆ ಸಾಕಲ್ವಾ?

ಸಾಲದು. ನೀವು ಒಳಗೆ ಕೈ ಹಾಕಿರುವುದು ತಿಳಿಯದೆ ಇನ್ನೊಬ್ಬರು ಬಂದು ಆನ್ ಮಾಡುತ್ತಾರೆ. ಅದಕ್ಕೇ ಮೇನ್ ಆಫ್ ಮಾಡಿ, ಅದಕ್ಕೆ ನಿಮ್ಮದೇ ಬೀಗ ಹಾಕಿ, ಕೀ ಜೇಬಿನಲ್ಲಿಟ್ಟುಕೊಂಡು, ನಿಮ್ಮ ಹೆಸರಿನ ಟ್ಯಾಗ್ ನೇತುಹಾಕಬೇಕು. ಇದಕ್ಕೆ ಲಾಕೌಟ್ ಟ್ಯಾಗೌಟ್ ಅನ್ನುತ್ತಾರೆ. ಇಬ್ಬರು ಫಿಟ್ಟರ್ ಇದ್ದರೆ ಎರಡು ಬೀಗ. ಬೀಗ ಹಾಕಿದವರೇ ತೆಗೆಯಬೇಕು. ಬೀಗ ಹಾಕಿದ ಮೇಲೆ, ಒಳಗೆ ಕೈ ಹಾಕುವ ಮುಂಚೆ, ಸ್ಟಾರ್ಟ್ ಬಟನ್ ಒತ್ತಿ ನೋಡಿ, ಯಂತ್ರ ಅಲುಗಬಾರದು. ಕರೆಂಟ್ ಹೋದರೂ ಹೈಡ್ರಾಲಿಕ್ ಒತ್ತಡ, ಏರ್ ಲೈನಿನ ಗಾಳಿ, ಡೈ ಮೇಲೆ ಬಡಿಯಲು ಮೇಲೆತ್ತಿ ನಿಂತ ರ‍್ಯಾಮ್ ಇವೆಲ್ಲ ಇನ್ನೂ ಕೆಲಸ ಮಾಡಬಲ್ಲವು. ಗಾಳಿ ಬಿಟ್ಟು, ರ‍್ಯಾಮ್‌ಗೆ ಆನಿಕೆ ಕೊಟ್ಟು ಕೈ ಹಾಕಿ.

ಗ್ಲೌಸ್ ಹಾಕಿಕೊಂಡರೆ ಯಾವಾಗಲೂ ಒಳ್ಳೆಯದಾ?

ಇಲ್ಲ. ಡ್ರಿಲ್ಲಿಂಗ್ ಮೆಷಿನ್, ಲೇತ್‌ನಂಥ ತಿರುಗುವ ಯಂತ್ರದ ಹತ್ತಿರ ಬಟ್ಟೆ ಗ್ಲೌಸ್ ಬೇಡ. ಅದು ಸಿಕ್ಕಿಕೊಂಡು ಕೈಯನ್ನೇ ಎಳೆಯುತ್ತದೆ. ಶೀಟ್ ಹಿಡಿಯಲು ಬೇಕು, ಆಸಿಡ್‌ಗೆ ಬೇರೆ ಥರದ್ದೇ ಬೇಕು. ಗ್ರೈಂಡರ್ ಹಿಡಿಯುವವರು ಕನ್ನಡಕ ಮರೆಯಬೇಡಿ. ವೀಲ್ ಮೇಲೆ ಬರೆದಿರುವ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಎಂಬುದು) ಮೆಷಿನ್‌ನ ಆರ್‌ಪಿಎಂಗಿಂತ ಕಡಿಮೆ ಇದ್ದರೆ ಆ ವೀಲ್ ಹಾಕಬೇಡಿ, ಅದು ಒಡೆದು ಹಾರುತ್ತದೆ.

ಗಾರ್ಮೆಂಟ್ಸ್‌ನಲ್ಲಿ ಅಂಥ ಅಪಾಯ ಏನಿದೆ? ಹೊಲಿಗೆ ತಾನೆ?

ಸೂಜಿ ಬೆರಳಿಗೆ ಹೊಕ್ಕವರನ್ನು ಕೇಳಿ ನೋಡಿ. ನೀಡಲ್ ಗಾರ್ಡ್, ಪುಲ್ಲಿ ಕವರ್ ಇರಬೇಕು. ಸೆರಗು, ದುಪಟ್ಟಾ ಏಪ್ರನ್ ಒಳಗೆ ಸೇರಿಸಿ, ಜಡೆ ಕಟ್ಟಿ ಮೇಲೆ ಹಾಕಿ. ಕಟಿಂಗ್ ವಿಭಾಗದವರಿಗೆ ಉಕ್ಕಿನ ಜಾಲರಿ ಗ್ಲೌಸ್ ಕೊಡಲೇಬೇಕು.

ನಿಧಾನಕ್ಕೆ ಆಗುವ ಹಾನಿಯೂ ಇದೆ. ಶೌಚಾಲಯಕ್ಕೆ ಹೋಗಿ ಬಂದರೆ ಪೀಸ್ ಕಡಿಮೆಯಾಗುತ್ತದೆ ಎಂದು ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರದ ಸೋಂಕು ಬರುತ್ತದೆ. ಐರನ್ ಟೇಬಲ್‌ನವರು ಬಿಸಿಗೆ ತಲೆಸುತ್ತಿ ಬೀಳುತ್ತಾರೆ. "ನೀರು ಕುಡಿದು ಬಾರಮ್ಮ" ಎಂದು ಲೈನ್ ಸೂಪರ್‌ವೈಸರ್ ತಾನಾಗಿ ಹೇಳಿದರೆ ಅದು ಕೂಡ ಸುರಕ್ಷತೆಯ ಕೆಲಸವೇ. ಕೂಗಾಡುವುದು, ಕೆಟ್ಟ ಮಾತು, ಮೈ ಮುಟ್ಟುವುದು ಇವನ್ನು ಸಹಿಸಬೇಕಾಗಿಲ್ಲ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ಅದರ ಸದಸ್ಯರ ಹೆಸರು ಗೋಡೆ ಮೇಲೆ ಇದೆಯಾ ನೋಡಿ.

ಬಿಲ್ಡಿಂಗ್ ಕೆಲಸದಲ್ಲಿ ಬೆಲ್ಟ್ ಕೊಟ್ಟಿದ್ದಾರೆ. ಅದನ್ನು ಎಲ್ಲಿಗೆ ಸಿಕ್ಕಿಸುವುದು?

ಇದು ಬಹಳ ಒಳ್ಳೆಯ ಪ್ರಶ್ನೆ. ಬೆಲ್ಟ್ ಕಟ್ಟಿಕೊಂಡು ಹುಕ್ಕನ್ನು ಸುಮ್ನೆ ಸೊಂಟಕ್ಕೆ ನೇತುಹಾಕಿಕೊಂಡವರು ಎಲ್ಲ ಸೈಟ್‌ನಲ್ಲೂ ಕಾಣುತ್ತಾರೆ. ಸಿಕ್ಕಿಸಲು ಗಟ್ಟಿ ಜಾಗವನ್ನು ಮೇಸ್ತ್ರಿ ಅಥವಾ ಎಂಜಿನಿಯರ್ ಮೊದಲೇ ಮಾಡಿಕೊಡಬೇಕು. ಅದು ತಲೆಗಿಂತ ಮೇಲಿದ್ದರೆ ಒಳ್ಳೆಯದು. ಸಾರುವೆಯ ಸಡಿಲ ಬೊಂಬಿಗೆ ಸಿಕ್ಕಿಸಿದರೆ ಅದೂ ನಿಮ್ಮ ಜೊತೆ ಬರುತ್ತದೆ. ಬರೀ ಸೊಂಟದ ಬೆಲ್ಟ್ ಬೇಡ. ಬಿದ್ದಾಗ ಅದು ಹೊಟ್ಟೆಗೆ, ಬೆನ್ನಿಗೆ ಪೆಟ್ಟು ಕೊಡುತ್ತದೆ. ಭುಜ, ತೊಡೆ ಎಲ್ಲ ಸುತ್ತುವ ಫುಲ್ ಬಾಡಿ ಹಾರ್ನೆಸ್ ಕೇಳಿ. ಲಿಫ್ಟ್ ಗುಂಡಿ, ಡಕ್ಟ್‌ಗಳ ಬಾಯಿಗೆ ಪ್ಲೈವುಡ್ ತುಂಡು ಇಟ್ಟರೆ ಸಾಲದು, ಕಟಕಟೆ ಬೇಕು. ಪ್ಲೈವುಡ್ ಮೇಲೆ ಕಾಲಿಟ್ಟವರು ಅದರ ಸಮೇತ ಕೆಳಗೆ ಹೋಗಿದ್ದಾರೆ.

ಸಂಪು, ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಟ್ಯಾಂಕ್ ಒಳಗೆ ಒಬ್ಬ ಬಿದ್ದ. ತಕ್ಷಣ ಇಳಿದು ಎತ್ತಬಾರದಾ?

ಇಳಿಯಬೇಡಿ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್‌ಗಳ ತುಂಬ ಎಸ್‌ಟಿಪಿಗಳಿವೆ. ಇಂಥ ಸಾವುಗಳ ಸುದ್ದಿ ಮತ್ತೆ ಮತ್ತೆ ಬರುತ್ತದೆ, ಹೆಚ್ಚಿನ ಸಲ ಒಬ್ಬರಲ್ಲ, ಇಬ್ಬರು ಮೂವರು. ಮೊದಲನೆಯವನು ಕೆಲಸಕ್ಕೆ ಇಳಿದವನು. ಉಳಿದವರು ಅವನನ್ನು ಎತ್ತಲು ಹೋದ ಅಣ್ಣ, ತಮ್ಮ, ಜೊತೆಗಾರ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ಪರವಾಗಿಲ್ಲ ಎಂದುಕೊಳ್ಳುವ ಹೊತ್ತೇ ಅತಿ ಅಪಾಯದ ಹೊತ್ತು. ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪಬಹುದು. ಬೆಂಕಿಕಡ್ಡಿ ಗೀರಿ ಇಳಿಸಿ ನೋಡುವ ಹಳೇ ಪದ್ಧತಿ ಖಂಡಿತ ಬೇಡ. ಒಳಗೆ ಮೀಥೇನ್ ಇದ್ದರೆ ಸ್ಫೋಟವಾಗುತ್ತದೆ.

ಸರಿಯಾದ ಕ್ರಮ ಹೀಗಿದೆ. ಸಾಧ್ಯವಾದರೆ ಮನುಷ್ಯ ಇಳಿಯಲೇಬಾರದು, ಯಂತ್ರದಿಂದ ಮಾಡಿಸಬೇಕು. ಇಳಿಯಲೇಬೇಕಾದರೆ ಮೀಟರ್‌ನಿಂದ ಗಾಳಿ ಅಳೆಯಬೇಕು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು 20.9 ಶೇಕಡ ಇರುತ್ತದೆ, 19.5ಕ್ಕಿಂತ ಕಡಿಮೆ ಇದ್ದರೆ ಪ್ರವೇಶ ಇಲ್ಲ. ಬ್ಲೋವರ್ ಓಡುತ್ತಿರಬೇಕು, ಇಳಿಯಲು ಅನುಮತಿಯ ಪರ್ಮಿಟ್ ಬರೆದಿರಬೇಕು, ಇಳಿದವನ ಹಾರ್ನೆಸ್‌ನ ಹಗ್ಗ ಮೇಲಿರುವ ಮೂರು ಕಾಲಿನ ಟ್ರೈಪಾಡ್‌ಗೆ ಕಟ್ಟಿರಬೇಕು, ಮೇಲೆ ಒಬ್ಬ ಅಲ್ಲಾಡದೆ ಕಾಯಬೇಕು. ಇಳಿದವನಿಗೆ ಏನಾದರೂ ಆದರೆ ಹಗ್ಗದಿಂದ ಮೇಲೆಳೆಯಿರಿ, 112ಕ್ಕೆ ಫೋನ್ ಮಾಡಿ. ರಕ್ಷಣಾ ಸಾಧನ ಇಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ಗೆ ಜನರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ. ಒಳಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು.

ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿಗೆ ಇದೆಲ್ಲ ಯಾಕೆ?

ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ಆಫೀಸು ಕಟ್ಟಡವೇ ಆಗಿತ್ತು. 2010ರ ಫೆಬ್ರವರಿ 23ರಂದು ಅಲ್ಲಿ ಬೆಂಕಿ ಬಿತ್ತು. ಹೊಗೆ ಮೇಲಿನ ಮಹಡಿಗಳಿಗೆ ತುಂಬಿತು. ಉಸಿರು ಕಟ್ಟಿದವರು ಕಿಟಕಿ ಗಾಜು ಒಡೆದು ಕೆಳಗೆ ಹಾರಿದರು. 9 ಜನ ಸತ್ತರು. ಬೆಂಕಿಗಿಂತ ಮೊದಲು ಹೊಗೆ ಕೊಲ್ಲುತ್ತದೆ ಎಂಬುದನ್ನು ಈ ಊರು ಅಂದೇ ಕಂಡಿತು.

ಹಾಗಾಗಿ ಅಲಾರಂ ಕೂಗಿದರೆ ಲ್ಯಾಪ್‌ಟಾಪ್ ಬಿಟ್ಟು ಹೊರಡಿ. ಲಿಫ್ಟ್ ಬೇಡ, ಮೆಟ್ಟಿಲಲ್ಲಿ ಇಳಿಯಿರಿ. ಹೊಗೆ ಇದ್ದರೆ ಬಗ್ಗಿ ನಡೆಯಿರಿ, ನೆಲದ ಹತ್ತಿರ ಗಾಳಿ ಸ್ವಲ್ಪ ತಿಳಿಯಾಗಿರುತ್ತದೆ. ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿದ್ದರೆ, ಅಲ್ಲಿ ಹಳೇ ಕುರ್ಚಿ, ರಟ್ಟಿನ ಪೆಟ್ಟಿಗೆ ಪೇರಿಸಿದ್ದರೆ ಇವತ್ತೇ ದೂರು ಕೊಡಿ. ಕರೆಂಟ್ ಬೆಂಕಿಗೆ ನೀರು ಹಾಕಬಾರದು. ಬೆಂಕಿ ಆರಿಸುವ ಸಿಲಿಂಡರ್ ಬಳಸುವಾಗ ಪಿನ್ ಎಳೆದು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಆ ಕಡೆ ಈ ಕಡೆ ಬೀಸಿ. ಬೆನ್ನ ಹಿಂದೆ ಬಾಗಿಲು ಇರಲಿ. ಒಂದು ಸಿಲಿಂಡರ್‌ಗೆ ಆರದಿದ್ದರೆ ಓಡಿ.

ಕುತ್ತಿಗೆ ನೋವು, ಕಣ್ಣುರಿಗೆ ಸುಲಭದ ಉಪಾಯ: ಮಾನಿಟರ್ ಕಣ್ಣಿನ ಮಟ್ಟಕ್ಕೆ ಇರಲಿ, ಆಗಾಗ ಎದ್ದು ನಡೆಯಿರಿ.

ಧೂಳು, ಶಬ್ದ ಅಭ್ಯಾಸ ಆಗಿಬಿಟ್ಟಿದೆ. ಇನ್ನೂ ಚಿಂತೆ ಮಾಡಬೇಕಾ?

ಅಭ್ಯಾಸ ಆಯಿತು ಅನ್ನುವುದೇ ಕಿವಿ ಮಂದವಾದ ಗುರುತು ಇರಬಹುದು. ಒಂದು ತೋಳಿನಷ್ಟು ದೂರ ಇರುವವರ ಜೊತೆ ಕೂಗಿ ಮಾತಾಡಬೇಕಾದರೆ ಆ ಶಬ್ದ ಕಿವಿಗೆ ಕೆಡುಕು. ಹೋದ ಕಿವಿ ಮತ್ತೆ ಬರುವುದಿಲ್ಲ. ಜಿಗಣಿಯ ಗ್ರಾನೈಟ್ ಘಟಕಗಳಂಥ ಕಡೆ ಕಲ್ಲು ಕತ್ತರಿಸುವಾಗ ಬರುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ಕಾಯಿಲೆಗೆ ವಾಸಿ ಮಾಡುವ ಔಷಧಿ ಇಲ್ಲ. ನೀರು ಹಾಯಿಸುತ್ತಾ ಕತ್ತರಿಸಬೇಕು, ಧೂಳು ಎಳೆಯುವ ವ್ಯವಸ್ಥೆ ಬೇಕು. ಮುಖಕ್ಕೆ ಕಟ್ಟಿದ ಕರವಸ್ತ್ರ ಆ ಸಣ್ಣ ಕಣಗಳನ್ನು ತಡೆಯುವುದಿಲ್ಲ. ಹೊಸ ಸಂಹಿತೆಯಲ್ಲಿ 40 ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಇದೆ. ಬಿಡಬೇಡಿ.

ಸೂಪರ್‌ವೈಸರ್‌ಗೆ ಬೇರೆ ತರಬೇತಿ ಯಾಕೆ ಬೇಕು?

ಕೆಲಸಗಾರ ಕೇಳುವುದು ಸೂಪರ್‌ವೈಸರ್ ಮಾತನ್ನು, ಗೋಡೆಯ ಪೋಸ್ಟರನ್ನಲ್ಲ. "ಸುರಕ್ಷತೆ ಮೊದಲು" ಎಂದು ದೊಡ್ಡದಾಗಿ ಬರೆದಿರುತ್ತದೆ, ಕೆಳಗೆ ನಿಂತ ಸೂಪರ್‌ವೈಸರ್ "ಬೇಗ ಬೇಗ, ಗಾಡಿ ನಿಂತಿದೆ" ಅನ್ನುತ್ತಿರುತ್ತಾರೆ. ಯಾವುದು ಗೆಲ್ಲುತ್ತದೆ ಹೇಳಿ? ಈ ಇಡೀ ತರಬೇತಿಯಲ್ಲಿ ನನಗೆ ಅತಿ ಮುಖ್ಯ ಅನಿಸುವ ವ್ಯಕ್ತಿ ಸೂಪರ್‌ವೈಸರ್. ಮೇಲಿನವರ ಒತ್ತಡ, ಕೆಳಗಿನವರ ಜೀವ ಎರಡೂ ಅವರ ಕೈಯಲ್ಲೇ ಬಂದು ಸೇರುತ್ತವೆ.

ಅವರು ಕಲಿಯಬೇಕಾದ್ದರಲ್ಲಿ ಮೊದಲನೆಯದು ಯಾರನ್ನು ಯಾವ ಕೆಲಸಕ್ಕೆ ಹಾಕಬಾರದು ಎಂಬುದು. "ಇವತ್ತು ಆಪರೇಟರ್ ರಜೆ, ನೀನೇ ನೋಡ್ಕೋ" ಎಂದು ಹೆಲ್ಪರ್‌ನನ್ನು ಯಂತ್ರದ ಮುಂದೆ ನಿಲ್ಲಿಸುವುದು ತೀರಾ ಅಪಾಯದ ಮಾತು. ಆ ಹುಡುಗ ಇಲ್ಲ ಅನ್ನುವುದಿಲ್ಲ. ಅವನಿಗೆ ಆಪರೇಟರ್ ಆಗುವ ಆಸೆ ಇರುತ್ತದೆ, ಕೆಲಸ ಹೋದೀತೆಂಬ ಹೆದರಿಕೆಯೂ ಇರುತ್ತದೆ.

ಎರಡನೆಯದು ಶಿಫ್ಟ್ ಶುರುವಾಗುವ ಮುಂಚೆ ಐದು ನಿಮಿಷ ನಿಂತು ಮಾತಾಡುವುದು. ಇದಕ್ಕೆ ಟೂಲ್‌ಬಾಕ್ಸ್ ಟಾಕ್ ಅನ್ನುತ್ತಾರೆ. ಭಾಷಣ ಬೇಡ. ಇವತ್ತು ಏನು ಬೇರೆ ಇದೆ ಎಂಬುದಷ್ಟು ಸಾಕು: ಕ್ರೇನ್ ಬರುತ್ತದೆ, ಆ ಕಡೆ ಎಣ್ಣೆ ಸೋರಿದೆ, ಮೂರು ಜನ ಹೊಸಬರಿದ್ದಾರೆ, ರಾತ್ರಿ ಪಾಳಿಯವರು ಎರಡನೇ ಮೆಷಿನ್‌ನಲ್ಲಿ ಸದ್ದು ಬರುತ್ತಿದೆ ಅಂದಿದ್ದಾರೆ. ಆಮೇಲೆ ಅವರ ಮಾತು ಕೇಳಿ.

ಅಪಾಯ ಕಂಡಾಗ "ಹೆಲ್ಮೆಟ್ ಹಾಕ್ಕೊಳ್ರಪ್ಪಾ" ಅನ್ನುವುದು ಕಡೆಯ ಉಪಾಯ. ಮೊದಲು ಅಪಾಯವನ್ನೇ ತೆಗೆಯಲು ಆಗುತ್ತದಾ ನೋಡಿ. ಆಗದಿದ್ದರೆ ಅದಕ್ಕೂ ಮನುಷ್ಯನಿಗೂ ನಡುವೆ ಅಡ್ಡ ಹಾಕಿ. ಆಮೇಲೆ ಕೆಲಸದ ಕ್ರಮ ಬದಲಿಸಿ. ಇಷ್ಟರ ಮೇಲೂ ಉಳಿದದ್ದಕ್ಕೆ ಹೆಲ್ಮೆಟ್, ಕನ್ನಡಕ.

ಪೆಟ್ಟಾಗಲಿಲ್ಲ, ಸ್ವಲ್ಪದರಲ್ಲಿ ತಪ್ಪಿತು. ಅದನ್ನೂ ಬರೆಯಬೇಕಾ?

ಬರೆಯಿರಿ. ಸ್ಪ್ಯಾನರ್ ಮೇಲಿಂದ ಬಿತ್ತು, ಯಾರಿಗೂ ತಾಗಲಿಲ್ಲ. ನಾಳೆ ಅದೇ ಜಾಗದಲ್ಲಿ ಇನ್ನೊಬ್ಬರು ನಿಂತಿರುತ್ತಾರೆ. ಹೇಳಿದವರನ್ನು ಬೈದರೆ ಮುಂದೆ ಯಾರೂ ಹೇಳುವುದಿಲ್ಲ. ಬೈಯುವ ಬದಲು ಸ್ಪ್ಯಾನರ್‌ಗೆ ದಾರ ಕಟ್ಟಿಸಿ.

ಪೆಟ್ಟಾದ ತಕ್ಷಣ ಏನು ಮಾಡಬೇಕು?

ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ಅರಿಸಿನ ಬೇಡ. ಕಣ್ಣಿಗೆ ಕೆಮಿಕಲ್ ಬಿದ್ದರೆ ಕನಿಷ್ಠ 15 ನಿಮಿಷ ನೀರು ಹಾಯಿಸಿ, ಆಮೇಲೆ ಆಸ್ಪತ್ರೆ. ಶಾಕ್ ಹೊಡೆದವರನ್ನು ಮುಟ್ಟುವ ಮುಂಚೆ ಮೇನ್ ಆಫ್ ಮಾಡಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಾಯದ ಮೇಲೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ತೆಗೆದು ತೆಗೆದು ನೋಡಬೇಡಿ. ಬೆರಳು ತುಂಡಾದರೆ ಅದನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿಡಿ. ಬೆರಳಿಗೆ ನೇರವಾಗಿ ಐಸ್ ತಾಗಬಾರದು. ಆಂಬುಲೆನ್ಸ್‌ಗೆ 108. ದೊಡ್ಡ ಸುಟ್ಟ ಗಾಯಕ್ಕೆ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಕೇಂದ್ರ, ತಲೆಪೆಟ್ಟಿಗೆ ನಿಮ್ಹಾನ್ಸ್, ಮೂಳೆ ಮುರಿತಕ್ಕೆ ಜಯನಗರ ಕಡೆಯ ಸಂಜಯ್ ಗಾಂಧಿ ಸಂಸ್ಥೆ ಇವೆ. ಜೀವ ಹೋಗುವಂತಿದ್ದರೆ ಹತ್ತಿರದ ಆಸ್ಪತ್ರೆಯೇ ಮೊದಲು.

ಆಸ್ಪತ್ರೆ ಖರ್ಚು, ಸಂಬಳ ಯಾರು ಕೊಡುತ್ತಾರೆ?

ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುತ್ತದೆ. ಕೆಲಸದಲ್ಲಿ ಆದ ಪೆಟ್ಟಿಗೆ ಮೊದಲ ದಿನದಿಂದಲೇ ರಕ್ಷಣೆ ಇದೆ, ಇಷ್ಟು ದಿನ ಕಟ್ಟಿರಬೇಕು ಎಂಬ ನಿಯಮ ಇಲ್ಲ. ಪೆಟ್ಟಿನಿಂದ ಕೆಲಸಕ್ಕೆ ಬರಲಾಗದ ದಿನಗಳಿಗೆ ಸಂಬಳದ 90 ಶೇಕಡ ಸಿಗುತ್ತದೆ. ಕೆಲಸಕ್ಕೆ ಬರುವ, ಹೋಗುವ ದಾರಿಯಲ್ಲಿ ಆದ ಅಪಘಾತವೂ ಸೇರುತ್ತದೆ. ರಾಜಾಜಿನಗರ, ಇಂದಿರಾನಗರ, ಪೀಣ್ಯದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಆದರೆ ಅಪಘಾತದ ವರದಿ ಕಂಪನಿಯಿಂದ ಹೋಗಿರಲೇಬೇಕು. "ಮನೇಲಿ ಬಿದ್ದೆ ಅಂತ ಹೇಳು, ಖರ್ಚು ನಾವು ಕೊಡ್ತೀವಿ" ಅಂದರೆ ಒಪ್ಪಬೇಡಿ. ಮುಂದೆ ಕೈ ಊನವಾದರೆ ಜೀವನಪೂರ್ತಿ ಬರಬೇಕಾದ ಹಣ ಆ ಒಂದು ಸುಳ್ಳಿಗೆ ಹೋಗಿಬಿಡುತ್ತದೆ. ಇಎಸ್‌ಐ ಇಲ್ಲದವರಿಗೆ ಮಾಲೀಕರೇ ಪರಿಹಾರ ಕೊಡಬೇಕೆಂಬ ಕಾನೂನು 1923ರಿಂದಲೂ ಇದೆ. ಗಾರೆ, ಸೆಂಟ್ರಿಂಗ್ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿರಿ. 18ರಿಂದ 60 ವಯಸ್ಸು, ವರ್ಷದಲ್ಲಿ 90 ದಿನ ಕೆಲಸ ಮಾಡಿರಬೇಕು.

ಅಪಾಯ ಅನಿಸಿದರೂ ಮಾಡು ಅನ್ನುತ್ತಾರೆ. ಏನು ಮಾಡಲಿ? ಎಲ್ಲಿ ಹೇಳಲಿ?

ಜೀವಕ್ಕೆ, ಮೈಗೆ ದೊಡ್ಡ ಅಪಾಯ ಇದೆ ಅನಿಸಿದರೆ ಮಾಲೀಕರಿಗೂ ಇನ್‌ಸ್ಪೆಕ್ಟರ್‌ಗೂ ಒಟ್ಟಿಗೇ ತಿಳಿಸುವ ಹಕ್ಕು ಹೊಸ ಸಂಹಿತೆಯಲ್ಲಿದೆ. ಮೊದಲು ಸೂಪರ್‌ವೈಸರ್‌ಗೆ ನಾಲ್ಕು ಜನರ ಮುಂದೆ ಹೇಳಿ: "ಸಾರ್, ಗಾರ್ಡ್ ಇಲ್ಲ, ಹಾಕಿಸಿದ ಮೇಲೆ ಮಾಡ್ತೀನಿ." ಒಬ್ಬರೇ ಹೇಳುವುದಕ್ಕಿಂತ ಇಡೀ ಲೈನ್ ಹೇಳಿದರೆ ಬಲ ಬರುತ್ತದೆ. ಸುರಕ್ಷತಾ ಸಮಿತಿ ಇದ್ದರೆ ಅದರಲ್ಲಿರುವ ಕೆಲಸಗಾರರ ಪ್ರತಿನಿಧಿಗೆ ತಿಳಿಸಿ, ಯೂನಿಯನ್ ಇದ್ದರೆ ಅವರಿಗೂ.

ಅಲ್ಲಿಗೂ ಆಗದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಅಲ್ಲಿದೆ. ದೂರು ಕನ್ನಡದಲ್ಲೇ ಬರೆಯಿರಿ, ಅರ್ಧ ಪುಟ ಸಾಕು. ಯಾವ ಕಾರ್ಖಾನೆ, ಯಾವ ವಿಭಾಗ, ಯಾವ ಯಂತ್ರ, ಏನು ಕೆಟ್ಟಿದೆ, ಯಾವಾಗಿನಿಂದ, ಯಾರಿಗೆ ಯಾವ ದಿನ ಹೇಳಿದ್ದೀರಿ ಎಂಬುದು ಇರಲಿ. ಸಿಟ್ಟಿನ ಮಾತಿಗಿಂತ ತಾರೀಕು ಜಾಸ್ತಿ ಕೆಲಸ ಮಾಡುತ್ತದೆ. ದೂರು ಕೊಟ್ಟವರು ಯಾರೆಂದು ಇನ್‌ಸ್ಪೆಕ್ಟರ್ ಹೊರಗೆ ಹೇಳುವಂತಿಲ್ಲ. ಇನ್ನೊಂದು ಪ್ರತಿಗೆ ಸ್ವೀಕರಿಸಿದ ಸೀಲು ಹಾಕಿಸಿಕೊಂಡು ಮನೆಯಲ್ಲಿಡಿ.